63 ಎಂಎಂ ಕರಿ ಪೈಪಿಗೆ ಜಿಐ, ಪಿವಿಸಿ ಸೇರಿಸಿದ ಜಾಗ ಪದೇ ಪದೇ ಬಿಡುತ್ತಿದೆ, ಯಾವ ಜಾಯಿಂಟ್ ಹಾಕಬೇಕು?

ಆಲ್ದೂರು ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮದು ಆಲ್ದೂರು ಹತ್ತಿರ 12 ಎಕರೆ ತೋಟ. ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ, ಮಧ್ಯೆ ಮೆಣಸು. ಕೆಳಗೆ ಕೆರೆ ಇದೆ, ಮೇಲೆ ಗುಡ್ಡದ ತಲೆಯಲ್ಲಿ ಟ್ಯಾಂಕು. ಕೆರೆಯಿಂದ ಟ್ಯಾಂಕಿಗೆ ಎತ್ತರ ಸುಮಾರು 55 ಮೀಟರ್, ಪೈಪಿನ ಉದ್ದ 420 ಮೀಟರ್. ಮನೆಗೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ, ಮೆಣಸಿನ ಡ್ರಿಪ್ಪಿಗೆ ಎಲ್ಲದಕ್ಕೂ ಆ ಟ್ಯಾಂಕಿನಿಂದಲೇ ನೀರು.

ಮೋಟಾರಿನ ಹತ್ತಿರ 2 ಇಂಚು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು. ಅಲ್ಲಿಂದ 63 ಎಂಎಂ ಎಚ್‌ಡಿಪಿಇ, ಅಂದರೆ ನಾವು ಕರಿ ಪೈಪು ಅನ್ನುವುದು. ಮಧ್ಯೆ ಹಳ್ಳ ದಾಟುವ ಕಡೆ ಅಪ್ಪನ ಕಾಲದ ಪಿವಿಸಿ ಒಂದು 60 ಮೀಟರ್ ಇದೆ, ಅದಾದ ಮೇಲೆ ಮತ್ತೆ ಕರಿ ಪೈಪು. ಕರಿ ಪೈಪು ಸೇರುವ ಜಾಗದಲ್ಲೆಲ್ಲ ಜಿಐ ನಿಪ್ಪಲ್, ಅಂದರೆ ಗಿಡ್ಡ ಪೈಪಿನ ತುಂಡು, ಹಾಕಿದ್ದಾರೆ. ಪೈಪಿನ ತುದಿಯನ್ನು ಬೆಂಕಿಯಲ್ಲಿ ಕಾಯಿಸಿ, ಮೆತ್ತಗಾದಾಗ ನಿಪ್ಪಲ್ ಮೇಲೆ ಏರಿಸಿ, ಎರಡು ಕ್ಲಿಪ್ಪು ಬಿಗಿದಿದ್ದಾರೆ. ನಮ್ಮ ಕಡೆ ಎಲ್ಲರೂ ಹೀಗೇ ಮಾಡುವುದು.

ಈ ವರ್ಷ ಜನವರಿಯಿಂದ ಐದು ಸಲ ಜಾಯಿಂಟ್ ಬಿಟ್ಟಿದೆ. ಮೂರು ಸಲ ಮೋಟಾರಿನ ಹತ್ತಿರದ್ದು, ಎರಡು ಸಲ ಪಿವಿಸಿ ಸೇರುವ ಕಡೆಯದು. ಸೋರುವುದಲ್ಲ, ಪೈಪೇ ಕಳಚಿಕೊಂಡು ಆ ಕಡೆ ಬಿದ್ದಿರುತ್ತದೆ. ಕ್ಲಿಪ್ಪು ಜಾಸ್ತಿ ಹಾಕಿದೆವು, ಸೈಕಲ್ ಟ್ಯೂಬ್ ಸುತ್ತಿ ತಂತಿ ಕಟ್ಟಿದೆವು, ಪ್ರಯೋಜನ ಆಗಲಿಲ್ಲ. ಅಂಗಡಿಗೆ ಹೋದರೆ ಒಬ್ಬರು ಕಂಪ್ರೆಷನ್ ಫಿಟ್ಟಿಂಗ್ ಅನ್ನುತ್ತಾರೆ, ಒಬ್ಬರು ಕಾಯಿಸಿ ಅಂಟಿಸಿ ಅನ್ನುತ್ತಾರೆ, ಇನ್ನೊಬ್ಬರು ಫ್ಲಾಂಜ್ ಅನ್ನುತ್ತಾರೆ. ಯಾವುದು ಎಲ್ಲಿಗೆ, ಯಾಕೆ ಅಂತ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಟ್ಯಾಂಕು ಖಾಲಿಯಾದರೆ ಮನೆಗೂ ನೀರಿಲ್ಲ, ಬೇಸಿಗೆ ಇನ್ನೂ ಮುಂದಿದೆ.


ಬೇಲೂರು ಪ್ಲಂಬಿಂಗ್:

ಸರ್, ಮೊದಲು ನಾಲ್ಕು ವಿಷಯ ಹೇಳಿ. ಕರಿ ಪೈಪಿನ ಮೇಲೆ ಏನು ಪ್ರಿಂಟ್ ಆಗಿದೆ? ಎಷ್ಟು ಒತ್ತಡದ ಪೈಪು ಅಂತ ಹೇಳುವ ಪಿಎನ್ 4, ಪಿಎನ್ 6 ಅಂತ ಏನಾದರೂ ಇರುತ್ತದೆ. ಮೋಟಾರಿನ ಹತ್ತಿರ ಪ್ರೆಶರ್ ಮೀಟರ್ ಇದೆಯಾ? ಜಾಯಿಂಟ್ ಬಿಡುವುದು ಯಾವ ಹೊತ್ತಿನಲ್ಲಿ? ಪಿವಿಸಿ ಪೈಪಿನ ಹೊರಗಿನ ಅಳತೆ ಎಷ್ಟು? ಸುಮ್ನೆ 2 ಇಂಚು ಅನ್ನಬೇಡಿ, ಅಳೆದು ಹೇಳಿ.


ಆಲ್ದೂರು ತೋಟ:

ಅಣ್ಣ, ಇವತ್ತು ಹೋಗಿ ನೋಡಿ ಬಂದೆ. ಕರಿ ಪೈಪಿನ ಮೇಲೆ ಪಿಎನ್ 6 ಅಂತ ಇದೆ. ಮೀಟರ್ ಇರಲಿಲ್ಲ, ಪಕ್ಕದ ತೋಟದವರ ಹತ್ತಿರ ತಂದು ಹಾಕಿದೆ, ಮೋಟಾರು ಓಡುವಾಗ 6.3 ಕೆಜಿ ತೋರಿಸುತ್ತದೆ. ಹಳೆ ಪಿವಿಸಿ 63 ಎಂಎಂ ಇದೆ. ಆದರೆ ಹೋದ ವರ್ಷ ಒಂದು ಲೆಂತ್ ಒಡೆದಾಗ ಮನೆ ಕಟ್ಟಿದ್ದರಲ್ಲಿ ಉಳಿದಿದ್ದ 2 ಇಂಚಿನ ಬಿಳಿ ಪೈಪು ಹಾಕಿದ್ದೆವು. ಅದನ್ನು ಅಳೆದರೆ 60 ಬರುತ್ತದೆ. ಆಗ ಸ್ವಲ್ಪ ಲೂಸ್ ಇತ್ತು, ಪಿವಿಸಿ ಅಂಟಿಸುವ ಸಲ್ಯೂಷನ್ ಜಾಸ್ತಿ ಹಚ್ಚಿ ಕೂರಿಸಿದ್ದರು.

ಬಿಡುವ ಹೊತ್ತು ನೀವು ಕೇಳಿದ ಮೇಲೆ ಯೋಚನೆ ಮಾಡಿದೆ. ಮೋಟಾರಿನ ಹತ್ತಿರದ್ದು ಮೂರು ಸಲವೂ ಕರೆಂಟ್ ಹೋದಾಗಲೇ ಬಿಟ್ಟಿದೆ. ಪಿವಿಸಿ ಹತ್ತಿರದ್ದು ಎರಡು ಸಲವೂ ಬೆಳಗಿನ ಜಾವ, ಮೋಟಾರು ಓಡುತ್ತಲೇ ಇರಲಿಲ್ಲ. ಇದು ಹೇಗೆ?


ಬೇಲೂರು ಪ್ಲಂಬಿಂಗ್:

ನೀವು ಹೇಳಿದ್ದರಲ್ಲೇ ಉತ್ತರ ಇದೆ ಸರ್. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ, 20 ವರ್ಷದಿಂದ ಬೇಲೂರು, ಚಿಕ್ಕಮಗಳೂರು ಕಡೆ ತೋಟಗಳಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ, ಇದೊಂದು ವಿಷಯ ಎಲ್ಲರಿಗೂ ತಿಳಿಯಬೇಕು ಅಂತ ನನಗೆ ಬಹಳ ದಿನದಿಂದ ಇದೆ.

ಜಾಯಿಂಟ್ ಎರಡು ಕೆಲಸ ಮಾಡಬೇಕು. ಒಂದು, ನೀರು ಸೋರದ ಹಾಗೆ ತಡೆಯುವುದು. ಇನ್ನೊಂದು, ಪೈಪನ್ನು ಹಿಡಿದುಕೊಳ್ಳುವುದು. ಇವೆರಡೂ ಬೇರೆ ಬೇರೆ. ಕ್ಲಿಪ್ಪು, ಸೈಕಲ್ ಟ್ಯೂಬು, ಟೇಪು ಇವೆಲ್ಲ ಸೋರದ ಹಾಗೆ ತಡೆಯುತ್ತವೆ, ಹಿಡಿದುಕೊಳ್ಳುವುದಿಲ್ಲ. ನಿಮಗೆ ಬೇಕಾಗಿರುವುದು ಹಿಡಿತ.

ಎಷ್ಟು ಹಿಡಿತ ಬೇಕು ಅಂತ ಲೆಕ್ಕ ಹಾಕಿ ನೋಡಿ. ನಿಮ್ಮ ಪೈಪಿನ ಒಳಗಿನ ಅಳತೆ ಸುಮಾರು 54 ಎಂಎಂ ಇರುತ್ತದೆ. ಅದರ ಬಾಯಿ 23 ಚದರ ಸೆಂಟಿಮೀಟರ್. ಒಂದೊಂದು ಚದರ ಸೆಂಟಿಮೀಟರ್ ಮೇಲೆ 6.3 ಕೆಜಿ ಒತ್ತಡ ಅಂದರೆ ಒಟ್ಟು 145 ಕೆಜಿ. ಹತ್ತಿರ ಹತ್ತಿರ ಮೂರು ಮೂಟೆ ಕಾಫಿಯನ್ನು ಆ ಪೈಪಿಗೆ ನೇತುಹಾಕಿದ ಹಾಗೆ. ತುದಿಯಲ್ಲಿ ತಿರುವು ಇದ್ದರೆ, ಇಲ್ಲವೇ ವಾಲ್ವ್ ಮುಚ್ಚಿದರೆ ಅಷ್ಟೂ ಭಾರ ಜಾಯಿಂಟನ್ನು ಕಳಚುವ ಕಡೆಗೆ ಎಳೆಯುತ್ತದೆ. ಬೆಂಕಿಯಲ್ಲಿ ಕಾಯಿಸಿ ಅಗಲ ಮಾಡಿದ ತುದಿ ಮೊದಲೇ ತೆಳ್ಳಗಾಗಿರುತ್ತದೆ. ಅದರ ಮೇಲೆ ಎರಡು ಕ್ಲಿಪ್ಪು ಎಷ್ಟು ದಿನ ತಡೆದೀತು?

ಈಗ ಕರೆಂಟ್ ವಿಷಯ. ಮೋಟಾರು ಓಡುವಾಗ 420 ಮೀಟರ್ ಉದ್ದದ ನೀರು ಮೇಲೆ ಹೋಗುತ್ತಿರುತ್ತದೆ. ಒಂದು ಟನ್ ಹತ್ತಿರ ನೀರು ಅದು. ಕರೆಂಟ್ ಹೋದ ತಕ್ಷಣ ಅದು ನಿಂತು, ಹಿಂದಕ್ಕೆ ಬಂದು, ಮೋಟಾರಿನ ಹತ್ತಿರದ ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಹೋಗದ ಹಾಗೆ ತಡೆಯುವ ವಾಲ್ವ್, ಪಟ್ ಅಂತ ಮುಚ್ಚುತ್ತದೆ. ಆ ಕ್ಷಣದ ಹೊಡೆತ 6.3 ಕೆಜಿಗಿಂತ ಬಹಳ ಜಾಸ್ತಿ. ಲೈನಿನಲ್ಲಿ ಗುದ್ದಿದ ಹಾಗೆ ಸದ್ದು ಬರುತ್ತದಲ್ಲ, ಅದೇ. ಅದಕ್ಕೇ ಮೋಟಾರಿನ ಹತ್ತಿರದ್ದು ಆಗಲೇ ಬಿಡುವುದು.

ಬೆಳಗಿನ ಜಾವದ್ದು ಬೇರೆ ಕಾರಣ. ಕರಿ ಪೈಪು ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಒಂದು ಮೀಟರ್ ಪೈಪು ಒಂದು ಡಿಗ್ರಿಗೆ ಸುಮಾರು 0.2 ಎಂಎಂ. ಕಡಿಮೆ ಅನ್ನಿಸುತ್ತದೆ, ಅಲ್ವಾ? ಮಧ್ಯಾಹ್ನ ಬಿಸಿಲಲ್ಲಿ ಕಾದ 100 ಮೀಟರ್ ಪೈಪು ರಾತ್ರಿ 25 ಡಿಗ್ರಿ ತಣ್ಣಗಾದರೆ ಅರ್ಧ ಮೀಟರ್ ಗಿಡ್ಡ ಆಗಲು ನೋಡುತ್ತದೆ. ಜಿಐ ಪೈಪು ಇದರ ಹದಿನೈದನೇ ಒಂದು ಭಾಗವೂ ಕುಗ್ಗುವುದಿಲ್ಲ, ಪಿವಿಸಿ ಮೂರನೇ ಒಂದು ಭಾಗ. ನಮ್ಮ ಕಡೆ ಜನವರಿ, ಫೆಬ್ರವರಿಯಲ್ಲಿ ಹಗಲು ಸುಡುವ ಬಿಸಿಲು, ರಾತ್ರಿ ಚಳಿ. ಪೈಪನ್ನು ನೆಲದ ಮೇಲೆ ಹಗ್ಗ ಎಳೆದ ಹಾಗೆ ನೆಟ್ಟಗೆ ಬಿಟ್ಟಿದ್ದರೆ ರಾತ್ರಿ ಅದು ಜಾಯಿಂಟನ್ನೇ ಎಳೆಯುತ್ತದೆ. ಸೊನ್ನೆ ಪ್ರೆಶರ್ ಇದ್ದರೂ ಬಿಡುತ್ತದೆ.

ಈಗ ಎಲ್ಲಿಗೆ ಏನು ಅಂತ ಹೇಳುತ್ತೇನೆ.

ಮೋಟಾರಿನ ಹತ್ತಿರ ಜಿಐಗೆ ಕರಿ ಪೈಪು ಸೇರುವ ಕಡೆ ಫ್ಲಾಂಜ್, ಅಂದರೆ ಬೋಲ್ಟು ಹಾಕಿ ಬಿಗಿಯುವ ಬಿಲ್ಲೆ, ಹಾಕಿ. ಕರಿ ಪೈಪಿನ ತುದಿಗೆ ಅದೇ ಎಚ್‌ಡಿಪಿಇಯ ಕಾಲರ್ ಇರುವ ತುಂಡು ಬರುತ್ತದೆ, ಅದನ್ನು ಕಾಯಿಸಿ ಅಂಟಿಸಬೇಕು. ಅಂಟಿಸುವ ಮೊದಲೇ ಕಬ್ಬಿಣದ ಫ್ಲಾಂಜನ್ನು ಅದರ ಹಿಂದೆ ಏರಿಸಿಕೊಂಡಿರಬೇಕು, ಇದನ್ನು ಮರೆತು ಮತ್ತೆ ಕತ್ತರಿಸಿದವರನ್ನು ಬಹಳ ನೋಡಿದ್ದೇನೆ. ಜಿಐ ಕಡೆ ಥ್ರೆಡ್ ಇರುವ ಫ್ಲಾಂಜ್. ಮಧ್ಯೆ ರಬ್ಬರ್ ಪ್ಯಾಕಿಂಗ್, ನಾಲ್ಕು ಬೋಲ್ಟು. ಬೋಲ್ಟನ್ನು ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಒಂದೇ ಕಡೆ ಪೂರ್ತಿ ಬಿಗಿದರೆ ಇನ್ನೊಂದು ಕಡೆ ಬಾಯಿ ತೆರೆದುಕೊಳ್ಳುತ್ತದೆ. ನಾಳೆ ಮೋಟಾರು ರಿಪೇರಿಗೆ ತೆಗೆಯಬೇಕಾದರೆ ಬೋಲ್ಟು ಬಿಚ್ಚಿದರೆ ಸಾಕು.

ಕರಿ ಪೈಪಿಗೆ ಕರಿ ಪೈಪು ಸೇರುವ ಕಡೆ ಕಾಯಿಸಿ ಅಂಟಿಸುವುದೇ ಒಳ್ಳೆಯದು. ಎಚ್‌ಡಿಪಿಇಗೆ ಯಾವ ಸಲ್ಯೂಷನ್ನೂ ಹಿಡಿಯುವುದಿಲ್ಲ. ಪಿವಿಸಿಯಲ್ಲಿ ಸಲ್ಯೂಷನ್ ಪೈಪಿನ ಮೈಯನ್ನೇ ಸ್ವಲ್ಪ ಕರಗಿಸಿ ಎರಡನ್ನೂ ಒಂದು ಮಾಡುತ್ತದೆ, ಎಚ್‌ಡಿಪಿಇ ಅದಕ್ಕೆ ಕರಗುವುದಿಲ್ಲ. ಇದಕ್ಕೆ ಬಿಸಿಯೇ ಬೇಕು. ಹೀಟರ್ ಪ್ಲೇಟು ಸುಮಾರು 210 ಡಿಗ್ರಿ ಇರಬೇಕು. ಎರಡೂ ತುದಿ ನೆಟ್ಟಗೆ ಕತ್ತರಿಸಿ, ಕೆರೆದು, ಮಣ್ಣು, ಎಣ್ಣೆ, ನೀರು ಏನೂ ಇಲ್ಲದ ಹಾಗೆ ಮಾಡಿ, ಪ್ಲೇಟಿಗೆ ಒತ್ತಿ, ಅಂಚು ಸುತ್ತಲೂ ಸಮವಾಗಿ ಉಬ್ಬಿದ ಮೇಲೆ ಪ್ಲೇಟು ತೆಗೆದು ತಕ್ಷಣ ಒಂದಕ್ಕೊಂದು ಸೇರಿಸಬೇಕು. ಆಮೇಲೆ ಅಲುಗಾಡಿಸಬಾರದು, ಅದು ತಾನಾಗಿಯೇ ತಣ್ಣಗಾಗಬೇಕು. ಬೇಗ ಆಗಲಿ ಅಂತ ನೀರು ಹೊಯ್ಯುತ್ತಾರೆ, ಅದು ದೊಡ್ಡ ತಪ್ಪು, ಒಳಗೇ ಬಿರುಕು ಬಿಡುತ್ತದೆ. ಸರಿಯಾಗಿ ಮಾಡಿದರೆ ಆ ಜಾಗ ಪೈಪಿನಷ್ಟೇ ಗಟ್ಟಿ.

ಹೀಟರ್ ಒಯ್ಯಲು ಆಗದ ಜಾಗಕ್ಕೆ ಕಂಪ್ರೆಷನ್ ಫಿಟ್ಟಿಂಗ್. ಅದರ ನಟ್ಟು ಬಿಚ್ಚಿದರೆ ಒಳಗೆ ಹಲ್ಲಿರುವ ಸೀಳು ರಿಂಗು, ಒಂದು ಬುಷ್ಷು, ಒಂದು ರಬ್ಬರ್ ರಿಂಗು ಇರುತ್ತವೆ. ರಬ್ಬರ್ ಸೋರದ ಹಾಗೆ ತಡೆಯುತ್ತದೆ, ಹಲ್ಲಿನ ರಿಂಗು ಪೈಪನ್ನು ಕಚ್ಚಿ ಹಿಡಿಯುತ್ತದೆ. ನೋಡಿ, ಎರಡೂ ಕೆಲಸಕ್ಕೆ ಬೇರೆ ಬೇರೆ ಸಾಮಾನು. ನಾನು ನಂಬುವುದು ಇದಕ್ಕೇ. ಹಾಕುವಾಗ ಪೈಪಿನ ತುದಿಯನ್ನು ಅರದಿಂದ ಸ್ವಲ್ಪ ಇಳಿಜಾರು ಮಾಡಿ, ಇಲ್ಲದಿದ್ದರೆ ಅಂಚು ರಬ್ಬರನ್ನು ಕತ್ತರಿಸುತ್ತದೆ. ಎಷ್ಟು ಆಳ ಹೋಗಬೇಕು ಅಂತ ಮೊದಲೇ ಪೈಪಿನ ಮೇಲೆ ಗುರುತು ಹಾಕಿಕೊಳ್ಳಿ. ರಬ್ಬರ್ ದಾಟಿ ಒಳಗಿನ ಕಟ್ಟೆಯವರೆಗೆ ಹೋಗಲೇಬೇಕು. ಎಷ್ಟೋ ಜನ ರಬ್ಬರಿಗೆ ತಾಗಿದ ಕೂಡಲೇ ಬಿಗಿಯಾಯಿತು ಅಂತ ನಿಲ್ಲಿಸಿ ನಟ್ಟು ತಿರುಗಿಸುತ್ತಾರೆ, ಮಾರನೇ ದಿನ ಸೋರುತ್ತದೆ, ಫಿಟ್ಟಿಂಗ್ ಸರಿ ಇಲ್ಲ ಅನ್ನುತ್ತಾರೆ. 63ಕ್ಕೆ ಕೈಯಲ್ಲಿ ಬಿಗಿದರೆ ಸಾಲದು, ಚೈನ್ ಪಾನಾ ಬೇಕು.

ಪಿವಿಸಿ ವಿಷಯಕ್ಕೆ ಬಂದರೆ, ಆ ಬಿಳಿ ಪೈಪನ್ನು ಮೊದಲು ತೆಗೆಯಿರಿ. ಹೊಲಕ್ಕೆ ಬರುವ ಪಿವಿಸಿಯಲ್ಲಿ 2 ಇಂಚು ಅಂತ ಬಾಯಿಮಾತಿಗೆ ಹೇಳುವುದು 63 ಎಂಎಂ ಪೈಪಿಗೆ, ಅದು ಹೊರಗಿನ ಅಳತೆ. ಕರಿ ಪೈಪೂ ಹಾಗೇ. ಮನೆ ಕೆಲಸದ ಬಿಳಿ ಯುಪಿವಿಸಿ 2 ಇಂಚು ಅಂದರೆ ಹೊರಗೆ 60.3 ಎಂಎಂ, ಜಿಐ ಪೈಪಿನ ಅಳತೆ ಅದು. ಸುಮಾರು ಮೂರು ಎಂಎಂ ಸಂದನ್ನು ಸಲ್ಯೂಷನ್ ತುಂಬಿಸುವುದಿಲ್ಲ. ಎರಡು ಮೈ ತಾಗಿದರೆ ಮಾತ್ರ ಅದು ಬೆಸೆಯುವುದು. ಆ ಜಾಯಿಂಟ್ ಇಷ್ಟು ದಿನ ತಡೆದಿದ್ದೇ ದೊಡ್ಡದು.

ಕೊನೆಯದು, ಪಿಎನ್ 6 ಅಂದರೆ 6 ಕೆಜಿಗೆ ಮಾಡಿದ ಪೈಪು. ನಿಮ್ಮ ಮೀಟರ್ 6.3 ತೋರಿಸುತ್ತಿದೆ. ಬಿಸಿಲಿಗೆ ಕಾದಾಗ ಪೈಪಿನ ತಾಕತ್ತು ಇನ್ನೂ ಇಳಿಯುತ್ತದೆ. ಪೂರ್ತಿ ಲೈನು ಬದಲಾಯಿಸುವುದು ಬೇಡ. ಒತ್ತಡ ಜಾಸ್ತಿ ಇರುವುದು ಕೆಳಗೆ, ಗುಡ್ಡ ಹತ್ತಿದ ಹಾಗೆ 10 ಮೀಟರ್ ಎತ್ತರಕ್ಕೆ 1 ಕೆಜಿ ಇಳಿಯುತ್ತಾ ಹೋಗುತ್ತದೆ. ಕೆಳಗಿನ 150 ಮೀಟರ್ ಮಾತ್ರ ಪಿಎನ್ 10 ಹಾಕಿ. ಅಲ್ಲಿಂದ ತೆಗೆದ ಪೈಪು ಮೇಲಿನ ಕೆಲಸಕ್ಕೆ ಬರುತ್ತದೆ.


ಕೊಪ್ಪದ ಅಡಿಕೆ ಮನೆ:

ಬೇಲೂರಿನ ಅಣ್ಣ ಬರೆದದ್ದು ಚೆನ್ನಾಗಿದೆ. ಆದರೆ ಒಂದು ಮಾತು ಸೇರಿಸಬೇಕು ಅನ್ನಿಸಿತು, ಇದನ್ನು ಓದಿ ಎಲ್ಲರೂ ನಿಪ್ಪಲ್ ಜಾಯಿಂಟ್ ಕೆಟ್ಟದ್ದು ಅಂದುಕೊಂಡುಬಿಟ್ಟರೆ ಕಷ್ಟ. ನಮ್ಮ ಮನೆಗೆ ಗುಡ್ಡದ ಅಬ್ಬಿಯಿಂದ ನೀರು ಬರುತ್ತದೆ. ನಾನು ಚಿಕ್ಕವಳಿದ್ದಾಗ ಅಡಿಕೆ ಮರದ ದೋಣಿಯಲ್ಲಿ ಬರುತ್ತಿತ್ತು, ಈಗ 32 ಎಂಎಂ ಕರಿ ಪೈಪು. ಮೋಟಾರು ಇಲ್ಲ, ಕರೆಂಟ್ ಇಲ್ಲ. 15 ಮೀಟರ್ ಇಳಿಜಾರು ಅಷ್ಟೇ. ಪೈಪಿನೊಳಗೆ ತೂರಿಸುವ ಪ್ಲಾಸ್ಟಿಕ್ ಜಾಯ್ನರ್ ಹಾಕಿ ಕ್ಲಿಪ್ಪು ಬಿಗಿದಿದ್ದೇವೆ, ಒಂದೂ ಬಿಟ್ಟಿಲ್ಲ.

ಆದರೆ ಬೆಂಕಿಗೆ ಹಿಡಿಯುವುದಿಲ್ಲ. ಫ್ಲಾಸ್ಕಿನಲ್ಲಿ ಕುದಿಯುವ ನೀರು ತೆಗೆದುಕೊಂಡು ಹೋಗಿ, ಪೈಪಿನ ತುದಿಯನ್ನು ಅದರಲ್ಲಿ ಒಂದು ನಿಮಿಷ ಮುಳುಗಿಸಿ, ಮೆತ್ತಗಾದ ಮೇಲೆ ಜಾಯ್ನರ್ ತೂರಿಸುತ್ತೇವೆ. ಪೈಪು ಸುಡುವುದಿಲ್ಲ, ತೆಳ್ಳಗಾಗುವುದಿಲ್ಲ, ತಣ್ಣಗಾದಾಗ ಗಟ್ಟಿಯಾಗಿ ಕೂರುತ್ತದೆ. ಕಾಡಿನ ಮಧ್ಯೆ ತರಗೆಲೆ ಮೇಲೆ ಬೆಂಕಿ ಹಚ್ಚುವುದೂ ತಪ್ಪುತ್ತದೆ, ಮಾರ್ಚ್ ತಿಂಗಳಲ್ಲಿ ಅದು ಸಣ್ಣ ವಿಷಯ ಅಲ್ಲ.

ನಮ್ಮ ತೊಂದರೆ ಗಾಳಿಯದ್ದು. ಪೈಪು ಎಲ್ಲಿ ದಿಬ್ಬ ಹತ್ತಿ ಇಳಿಯುತ್ತದೋ ಆ ದಿಬ್ಬದ ತಲೆಯಲ್ಲಿ ಗಾಳಿ ಕೂತು ನೀರು ನಿಲ್ಲುತ್ತದೆ. ಅಲ್ಲೊಂದು ಟೀ ಹಾಕಿ ಮೇಲೆ ಸಣ್ಣ ನಲ್ಲಿ ಇಟ್ಟಿದ್ದೇವೆ, ತಿರುಗಿಸಿದರೆ ಬುಸ್ ಅಂತ ಗಾಳಿ ಹೋಗಿ ನೀರು ಶುರುವಾಗುತ್ತದೆ. ತಗ್ಗಿನಲ್ಲಿ ಇನ್ನೊಂದು ಟೀ, ಅದಕ್ಕೆ ಮುಚ್ಚಳ. ಮಳೆಗಾಲ ಮುಗಿದ ಮೇಲೆ ಅದನ್ನು ತೆಗೆದರೆ ಮರಳು, ಎಲೆ, ಒಂದೊಂದು ಸಲ ಏಡಿ ಕೂಡ ಹೊರಗೆ ಬರುತ್ತವೆ.


ಬೇಲೂರು ಪ್ಲಂಬಿಂಗ್:

ಅಕ್ಕ, ನೀವು ಹೇಳಿದ್ದು ಪೂರ್ತಿ ಸರಿ. 15 ಮೀಟರ್ ಅಂದರೆ ಒಂದೂವರೆ ಕೆಜಿ, 32ರ ಪೈಪಿನ ಬಾಯಿಯೂ ಚಿಕ್ಕದು. ಎಳೆತ ಹತ್ತು ಕೆಜಿಯೂ ಇರುವುದಿಲ್ಲ, ಅದಕ್ಕೆ ಕ್ಲಿಪ್ಪು ಸಾಕು. ಬಿಸಿನೀರಿನ ಉಪಾಯ ನಾನೂ ಬಳಸುತ್ತೇನೆ, ಸುರುಳಿಯಲ್ಲಿ ಬಂದ ಪೈಪಿನ ತುದಿ ಮೊಟ್ಟೆ ಆಕಾರ ಆಗಿರುತ್ತದಲ್ಲ, ಅದನ್ನು ಮತ್ತೆ ದುಂಡಗೆ ಮಾಡಲು. ಗಾಳಿ ವಿಷಯ ನಾನು ಬರೆಯಲು ಮರೆತಿದ್ದೆ. ಆಲ್ದೂರಿನ ಸರ್, ನಿಮ್ಮ ಲೈನಿನಲ್ಲಿ ದಿಬ್ಬ ಇದ್ದರೆ ಅಲ್ಲಿ ಗಾಳಿಯನ್ನು ತಾನಾಗಿಯೇ ಹೊರಗೆ ಬಿಡುವ ಏರ್ ವಾಲ್ವ್ ಹಾಕಿ, ನಲ್ಲಿ ತಿರುಗಿಸಲು ದಿನಾ ಹೋಗುವುದು ಆಗುವುದಿಲ್ಲ.


ಹಾಸನ ವರ್ಕ್‌ಶಾಪ್:

ಥ್ರೆಡ್ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನಮ್ಮ ಲೇತಿಗೆ ಬರುವ ಅರ್ಧ ಕೆಲಸ ಕೆಟ್ಟ ಥ್ರೆಡ್ಡಿನದ್ದೇ.

ಪ್ಲಾಸ್ಟಿಕ್ಕಿಗೆ ಜಿಐ ಸೇರಿಸುವಾಗ ಎಫ್‌ಟಿಎ, ಎಂಟಿಎ ಅಂತ ಕೇಳುತ್ತೀರಲ್ಲ, ಒಳಗೆ ಥ್ರೆಡ್ ಇರುವುದು ಎಫ್‌ಟಿಎ, ಹೊರಗೆ ಇರುವುದು ಎಂಟಿಎ. ಜಿಐ ನಿಪ್ಪಲಿನ ಥ್ರೆಡ್ಡು ತುದಿಯಿಂದ ಹಿಂದಕ್ಕೆ ದಪ್ಪ ಆಗುತ್ತಾ ಹೋಗುತ್ತದೆ. ಅದನ್ನು ಬರೀ ಪ್ಲಾಸ್ಟಿಕ್ಕಿನ ಎಫ್‌ಟಿಎ ಒಳಗೆ ಪಾನಾ ಹಾಕಿ ತಿರುಗಿಸಿದರೆ ಬೆಣೆ ಹೊಡೆದ ಹಾಗೆ. ಆಗಲೇ ಒಡೆಯುವುದಿಲ್ಲ, ಒಂದು ವಾರ ಬಿಟ್ಟು ಉದ್ದಕ್ಕೆ ಸೀಳುತ್ತದೆ. ಮೇಲೆ ಟೇಪು ಒಂದು ರೀಲು ಸುತ್ತಿದ್ದರೆ ಇನ್ನೂ ಬೇಗ. ಆದಷ್ಟು ಮಟ್ಟಿಗೆ ಪ್ಲಾಸ್ಟಿಕ್ಕಿನ ಎಂಟಿಎಯನ್ನು ಜಿಐ ಸಾಕೆಟ್ಟಿನ ಒಳಗೆ ಹಾಕಿ. ಎಫ್‌ಟಿಎ ಬೇಕೇ ಬೇಕಾದರೆ ಹಿತ್ತಾಳೆ ಥ್ರೆಡ್ಡಿನದ್ದು, ಇಲ್ಲವೇ ಹೊರಗೆ ಸ್ಟೀಲ್ ರಿಂಗ್ ಇರುವುದು ತೆಗೆದುಕೊಳ್ಳಿ. ಟೇಪನ್ನು ಥ್ರೆಡ್ ತಿರುಗುವ ದಿಕ್ಕಿನಲ್ಲೇ ಸುತ್ತಿ, ಎದುರು ಸುತ್ತಿದರೆ ಒಳಗೆ ಹೋಗುವಾಗ ಬಿಚ್ಚಿಕೊಂಡು ಬರುತ್ತದೆ.

ಇನ್ನೊಂದು. ನಮ್ಮ ದೇಶದ ನೀರಿನ ಪೈಪುಗಳಲ್ಲಿ ಬಿಎಸ್‌ಪಿ ಥ್ರೆಡ್. ಕೆಲವು ಹೊರದೇಶದ ಯಂತ್ರಗಳಲ್ಲಿ ಎನ್‌ಪಿಟಿ ಇರುತ್ತದೆ. 1 ಇಂಚಿನ ಪೈಪಿನಲ್ಲಿ ಬಿಎಸ್‌ಪಿಗೆ ಒಂದು ಇಂಚಿಗೆ 11 ಸುತ್ತು, ಎನ್‌ಪಿಟಿಗೆ ಹನ್ನೊಂದೂವರೆ. ಎರಡು ಮೂರು ಸುತ್ತು ಚೆನ್ನಾಗಿ ಹೋಗಿ ಆಮೇಲೆ ಕಚ್ಚಿಕೊಳ್ಳುತ್ತದೆ. ಅರ್ಧ ಇಂಚಿನಲ್ಲಂತೂ ಎರಡಕ್ಕೂ 14 ಸುತ್ತೇ, ಆದರೆ ಹಲ್ಲಿನ ಕೋನ ಬೇರೆ, ಒಂದಕ್ಕೆ 55 ಡಿಗ್ರಿ, ಇನ್ನೊಂದಕ್ಕೆ 60. ಅದಕ್ಕೇ ಕೂತ ಹಾಗೆ ಕಾಣುತ್ತದೆ, ಆದರೆ ಸೋರುವುದು ನಿಲ್ಲುವುದಿಲ್ಲ. ಹೋದ ತಿಂಗಳು ಒಬ್ಬರು ಪಂಪಿನ ಅಲ್ಯೂಮಿನಿಯಂ ಬಾಡಿಯೇ ಹಾಳಾದ ಮೇಲೆ ತಂದರು. ಬಹಳ ಬೇಜಾರಾಯಿತು, ಒಂದು ಅಡಾಪ್ಟರ್ ಹಾಕಿದ್ದರೆ ಆ ಪಂಪು ಉಳಿಯುತ್ತಿತ್ತು.

ಸಣ್ಣ ಟ್ಯೂಬಿನಲ್ಲೂ ಇದೇ ಕಥೆ. ಮನೆಯ ಆರ್‌ಒ ಫಿಲ್ಟರಿನ ಬಿಳಿ ಟ್ಯೂಬು ಕಾಲು ಇಂಚು, ಅಂದರೆ 6.35 ಎಂಎಂ. ಗಾಳಿ ಕಂಪ್ರೆಸರ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಒತ್ತಿ ಕೂರಿಸುವ ಕನೆಕ್ಟರ್ 6 ಎಂಎಂನದ್ದು ಇರುತ್ತದೆ. ನೋಡಲು ಎರಡೂ ಒಂದೇ. 6.35 ಅದರಲ್ಲಿ ಹೋಗುವುದಿಲ್ಲ, 6ರ ಟ್ಯೂಬನ್ನು ಕಾಲು ಇಂಚಿನದ್ದಕ್ಕೆ ಹಾಕಿದರೆ ತೊಟ್ಟಿಕ್ಕುತ್ತದೆ. ಟ್ಯೂಬು ತೆಗೆಯುವಾಗ ಎಳೆದಾಡಬೇಡಿ, ಬಾಯಿಯ ಸುತ್ತ ಇರುವ ರಿಂಗನ್ನು ಒಳಕ್ಕೆ ಒತ್ತಿ ಹಿಡಿದರೆ ಒಳಗಿನ ಹಲ್ಲು ಬಿಡುತ್ತದೆ, ಟ್ಯೂಬು ತಾನಾಗಿ ಬರುತ್ತದೆ. ಬಂದ ಮೇಲೆ ಗೀರು ಬಿದ್ದ ತುದಿಯನ್ನು ಒಂದು ಸೆಂಟಿಮೀಟರ್ ಬ್ಲೇಡಿನಲ್ಲಿ ನೆಟ್ಟಗೆ ಕತ್ತರಿಸಿ ಮತ್ತೆ ಹಾಕಿ.

ಕೆಲವು ಕಡೆ ಥ್ರೆಡ್ಡೇ ಇರಬಾರದು. ನಾನು ಮೊದಲು ಡೈರಿ ಕೆಲಸದಲ್ಲಿದ್ದೆ. ಹಾಲಿನ ಸ್ಟೀಲ್ ಪೈಪಿಗೆ ಸಾದಾ ಥ್ರೆಡ್ ಮಾಡಿದರೆ ಅದರ ಸಂದಿನಲ್ಲಿ ಹಾಲು ಕೂತು ಕೆಡುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಅಲ್ಲಿ ಎರಡು ಚಪ್ಪಟೆ ಮುಖ, ಮಧ್ಯೆ ಒಂದು ರಬ್ಬರ್, ಹೊರಗಿನಿಂದ ಒಂದು ಕ್ಲಾಂಪು, ಕೈಯಲ್ಲಿ ತಿರುಗಿಸುವ ನಟ್ಟು. ಪಾನಾ ಬೇಡ, ದಿನಾ ಬಿಚ್ಚಿ ತೊಳೆಯಬಹುದು. ಮನೆಯಲ್ಲಿ ಸಣ್ಣ ಮಟ್ಟದಲ್ಲಿ ಹಾಲು, ಜೇನು, ಜ್ಯೂಸು ಮಾಡುವವರು ಇದನ್ನೇ ಹಾಕಿಸಿ.


ಸಕಲೇಶಪುರ ರೋಬಸ್ಟಾ:

ನಮ್ಮದು ಸ್ಪ್ರಿಂಕ್ಲರ್ ಅನುಭವ. ಹೂಮಳೆ ಕೈಕೊಟ್ಟರೆ ಫೆಬ್ರವರಿ, ಮಾರ್ಚಿನಲ್ಲಿ ನಾವೇ ನೀರು ಹೊಡೆಯಬೇಕು, ಒಂದರಿಂದ ಒಂದೂವರೆ ಇಂಚು ನೀರು ಒಂದೇ ಸಲ ಸಿಗಬೇಕು, ಅರ್ಧಕ್ಕೆ ನಿಂತರೆ ಹೂವು ಸರಿಯಾಗಿ ಅರಳುವುದಿಲ್ಲ. ಆ ಪೈಪುಗಳನ್ನು ದಿನಕ್ಕೆ ಮೂರು ನಾಲ್ಕು ಸಲ ಬಿಚ್ಚಿ ಜಾಗ ಬದಲಾಯಿಸುತ್ತೇವೆ, ಅದಕ್ಕೆ ಕೊಕ್ಕೆ ಇರುವ ಕಪ್ಲರ್ ಬಿಟ್ಟರೆ ಬೇರೆ ದಾರಿ ಇಲ್ಲ. ಕೊಕ್ಕೆ ಹಿಡಿಯುತ್ತದೆ, ಒಳಗಿನ ರಬ್ಬರ್ ರಿಂಗು ಸೋರದ ಹಾಗೆ ತಡೆಯುತ್ತದೆ. ನೀರಿನ ಒತ್ತಡ ಬಂದ ಮೇಲೆ ಆ ರಿಂಗಿನ ತುಟಿ ಅಗಲವಾಗಿ ಬಿಗಿಯಾಗುವುದು, ಅದಕ್ಕೇ ಮೋಟಾರು ಶುರುವಾದಾಗ ಸ್ವಲ್ಪ ಹೊತ್ತು ಎಲ್ಲ ಜಾಯಿಂಟೂ ಸೋರಿ ಆಮೇಲೆ ನಿಲ್ಲುತ್ತದೆ. ತುಟಿ ಒಳಮುಖ ಇರಬೇಕು. ತಿರುಗಾಮುರುಗಾ ಹಾಕಿದರೆ ಎಷ್ಟು ಒತ್ತಡ ಬಂದರೂ ಸೋರುತ್ತಲೇ ಇರುತ್ತದೆ, ಹೊಸ ಆಳುಗಳಿಗೆ ಇದನ್ನು ಮೊದಲು ಕಲಿಸಿ.

ರಿಂಗಿಗೆ ಗ್ರೀಸ್, ಇಂಜಿನ್ ಆಯಿಲ್ ಹಚ್ಚಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಸೋಪಿನ ನೀರು ಸಾಕು. ಸೀಸನ್ ಮುಗಿದ ಮೇಲೆ ರಿಂಗುಗಳನ್ನು ತೆಗೆದು ತೊಳೆದು ನೆರಳಿನಲ್ಲಿ ಡಬ್ಬಿಯಲ್ಲಿಡಿ.

ಕರಿ ಪೈಪನ್ನು ಹೂಳಬೇಕಾ ಬೇಡವಾ ಅಂದರೆ ನಾನು ಹೂಳಿ ಅನ್ನುತ್ತೇನೆ. ಬಿಸಿಲಿಗೆ ಹಿಗ್ಗಿ ಕುಗ್ಗುವುದು ಕಡಿಮೆ ಆಗುತ್ತದೆ. ನಮ್ಮ ಕಡೆ, ಆಲೂರು ಕಡೆ ಆನೆ ಬೇರೆ. ಮೇಲೆ ಬಿದ್ದಿರುವ ಪಿವಿಸಿ ತುಳಿದರೆ ಚೂರು ಚೂರು. ಕರಿ ಪೈಪು ತುಳಿದರೂ ಚಪ್ಪಟೆಯಾಗಿ ಮತ್ತೆ ಏಳುತ್ತದೆ, ಆದರೆ ಹತ್ತಿರದ ಜಾಯಿಂಟ್ ಕಿತ್ತು ಬರುತ್ತದೆ. ಹೂಳುವಾಗ ನೆಟ್ಟಗೆ ಎಳೆಯಬೇಡಿ, ಹಾವಿನ ಹಾಗೆ ಸ್ವಲ್ಪ ಡೊಂಕಾಗಿ ಹಾಕಿ. ಬೆಳಿಗ್ಗೆ ತಂಪಿನ ಹೊತ್ತಿನಲ್ಲಿ ಸೇರಿಸಿ ಮಣ್ಣು ಮುಚ್ಚಿ, ಮಧ್ಯಾಹ್ನ ಹಿಗ್ಗಿರುವಾಗ ಸೇರಿಸಿದರೆ ರಾತ್ರಿ ಎಳೆಯುತ್ತದೆ.


ಅರಸೀಕೆರೆ ತೆಂಗು:

ಡ್ರಿಪ್ ಮಾಡುವವರಿಗೆ ಒಂದೇ ಮಾತು. 16 ಎಂಎಂ ಪೈಪು ಮೇನ್ ಲೈನಿಗೆ ಸೇರುವ ಕಡೆ ಪಿವಿಸಿಗೆ ತೂತು ಕೊರೆದು ರಬ್ಬರ್ ಗ್ರೊಮೆಟ್ (ತೂತಿನ ಬಳೆ) ಕೂರಿಸಿ ಅದರೊಳಗೆ ಟೇಕಾಫ್ (16ರ ಪೈಪು ಸಿಕ್ಕಿಸುವ ಮೂತಿ) ಒತ್ತುತ್ತೇವಲ್ಲ, ಆ ತೂತನ್ನು ಅದಕ್ಕೆಂದೇ ಇರುವ ಡ್ರಿಲ್ ಬಿಟ್ಟಿನಲ್ಲಿ ಕೊರೆಯಿರಿ, ಕಾದ ಕಬ್ಬಿಣದ ಸರಳಿನಿಂದ ಚುಚ್ಚಬೇಡಿ. ಸುಟ್ಟ ತೂತು ದುಂಡಗೆ ಇರುವುದಿಲ್ಲ, ಗ್ರೊಮೆಟ್ ಎಷ್ಟು ಹೊಸದು ಹಾಕಿದರೂ ಸೋರುತ್ತದೆ. ನಮ್ಮ ಬಯಲುಸೀಮೆ ಕಡೆ ಬೋರ್ ನೀರು ಒಂದೊಂದು ಹನಿಯೂ ಲೆಕ್ಕ, ಅಲ್ಲಿ 200 ಗ್ರೊಮೆಟ್ ತೊಟ್ಟಿಕ್ಕಿದರೆ ಕೊನೆಯ ಸಾಲಿನ ತೆಂಗಿಗೆ ನೀರೇ ಇಲ್ಲ.


ಆಲ್ದೂರು ತೋಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹದಿನೈದು ದಿನ ಆಯಿತು, ಆದದ್ದನ್ನು ಬರೆಯುತ್ತೇನೆ.

ಕೆಳಗಿನ 150 ಮೀಟರ್ ಪಿಎನ್ 10 ಹಾಕಿಸಿದೆ. ಮೋಟಾರಿನ ಹತ್ತಿರ ಫ್ಲಾಂಜ್. ಕರಿ ಪೈಪಿಗೆ ಕರಿ ಪೈಪು ನಾಲ್ಕು ಕಡೆ ಹೀಟರ್ ಹಾಕಿ ಅಂಟಿಸಿದರು, ಒಂದು ಜಾಯಿಂಟ್ ಮೊದಲ ಸಲ ಅಂಚು ಒಂದೇ ಕಡೆ ಉಬ್ಬಿತು, ಕತ್ತರಿಸಿ ಮತ್ತೆ ಮಾಡಿಸಿದೆ. ಬಿಳಿ ಪೈಪು ತೆಗೆದು 63ರದ್ದೇ ಹಾಕಿದೆವು. ಪಿವಿಸಿ ಸೇರುವ ಎರಡೂ ಕಡೆ ಪಿವಿಸಿಗೆ ಎಂಟಿಎ, ಅದಕ್ಕೆ ಸ್ಟೀಲ್ ರಿಂಗ್ ಇರುವ ಕಂಪ್ರೆಷನ್ ಫಿಟ್ಟಿಂಗ್. ಗುರುತು ಹಾಕಿಕೊಂಡು ಒತ್ತಿದಾಗ ಅಣ್ಣ ಹೇಳಿದ್ದು ಅರ್ಥವಾಯಿತು, ರಬ್ಬರಿಗೆ ತಾಗಿದ ಮೇಲೂ ಸುಮಾರು ಆಳ ಬಾಕಿ ಇತ್ತು, ಇಬ್ಬರು ಒತ್ತಬೇಕಾಯಿತು. ಅರ್ಧ ದಾರಿಯಲ್ಲಿ ಇನ್ನೊಂದು ಎನ್‌ಆರ್‌ವಿ, ಹಳ್ಳ ದಾಟಿದ ಮೇಲಿನ ದಿಬ್ಬದಲ್ಲಿ ಏರ್ ವಾಲ್ವ್.

ಬುಧವಾರ ಮೋಟಾರು ಓಡುವಾಗಲೇ ಕರೆಂಟ್ ಹೋಯಿತು. ಓಡಿ ಹೋಗಿ ನೋಡಿದೆ. ಗುದ್ದಿದ ಸದ್ದು ಬಂತು, ಮೊದಲಿಗಿಂತ ಮೆತ್ತಗೆ, ಫ್ಲಾಂಜಿನ ಹತ್ತಿರ ಒಂದು ಹನಿಯೂ ಇಲ್ಲ. ಟ್ಯಾಂಕು ತುಂಬಲು ಮೊದಲು 4 ಗಂಟೆ ಬೇಕಿತ್ತು, ಈಗ ಮೂರೂವರೆ ಸಾಕು. ಗಾಳಿ ಹೋದದ್ದಕ್ಕೋ, ನಿಪ್ಪಲುಗಳಲ್ಲಿ ನೀರು ಇರುಕಿಕೊಂಡು ಹೋಗುವುದು ತಪ್ಪಿದ್ದಕ್ಕೋ, ಎರಡೂ ಇರಬಹುದು.

ಹೂಳುವುದು ಇನ್ನೂ ಆಗಿಲ್ಲ, ನೆಲ ಕಲ್ಲಿನ ಹಾಗಿದೆ. ಒಂದು ಮಳೆ ಬಿದ್ದ ಮೇಲೆ ಚರಂಡಿ ತೆಗೆಸುತ್ತೇನೆ. ಅಲ್ಲಿಯವರೆಗೆ ಪೈಪನ್ನು ಡೊಂಕಾಗಿ ಬಿಟ್ಟು ಮೇಲೆ ತರಗು ಮುಚ್ಚಿದ್ದೇವೆ.


ಬೇಲೂರು ಪ್ಲಂಬಿಂಗ್:

ಬಹಳ ಸಂತೋಷ ಆಯಿತು ಸರ್. ಫ್ಲಾಂಜಿನ ಬೋಲ್ಟುಗಳನ್ನು ಈಗ ಒಂದು ಸಲ ಮತ್ತೆ ಬಿಗಿಯಿರಿ, ಹೊಸ ರಬ್ಬರ್ ಒತ್ತಿಕೊಂಡಿರುತ್ತದೆ. ಮೋಟಾರು ನಿಲ್ಲಿಸಿ ಮಾಡಿ.